ಮಾಣಿಗೆ ಸೀಟು ಬೇಕಾ, ಮಡಿಲು ಸಾಕಾ

"ಮಡಿಲಲ್ಲಿ ಕೂರುವ ಮಗುವಿಗೆ ಎಂತಕ್ಕೆ ಸೀಟು?"

ಅತ್ತೆ ಫೋನಿನಲ್ಲಿ ಹೀಗೆ ಕೇಳಿದಾಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಅವರು ಕೇಳಿದ್ದು ತಪ್ಪೂ ಅಲ್ಲ. ಒಂದು ಮಗುವನ್ನು ಮಡಿಲಲ್ಲಿಟ್ಟು, ಇನ್ನೊಂದನ್ನು ಪಕ್ಕಕ್ಕೆ ಒರಗಿಸಿಕೊಂಡು, ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗಿ ಬಂದವರು ಅವರು. ರೈಲಿನಲ್ಲಿ ಇವತ್ತಿಗೂ 5 ವರ್ಷದ ಒಳಗಿನ ಮಕ್ಕಳಿಗೆ ಬೇರೆ ಬರ್ತ್ ಕೇಳದಿದ್ದರೆ ಟಿಕೆಟೇ ಇಲ್ಲ. ಹಾಗಿರುವಾಗ ಮೂರೂವರೆ ಗಂಟೆಯ ದುಬೈ–ಮಂಗಳೂರು ವಿಮಾನಕ್ಕೆ, ಇನ್ನೂ 2 ವರ್ಷ ತುಂಬದ ಮಾಣಿಗೆ, ಅಂದರೆ ನಮ್ಮ ಮಗನಿಗೆ, ಪೂರ್ತಿ ಸೀಟಿನ ದುಡ್ಡು ಕೊಡುವುದು ಅಂದರೆ ಅವರ ಲೆಕ್ಕದಲ್ಲಿ ಸುಮ್ನೆ ದುಂದು.

ನಾವಿರುವುದು ಶಾರ್ಜಾದ ಅಲ್ ನಹ್ದಾದಲ್ಲಿ. ಇವರ, ಅಂದರೆ ನನ್ನ ಗಂಡನ, ಮನೆ ನೀರ್ಚಾಲು, ನನ್ನ ತವರು ಪೆರ್ಲ, ಎರಡೂ ಕಾಸರಗೋಡಿನ ಕಡೆ. 2024ರ ಜುಲೈ 20ಕ್ಕೆ ನಾನು ಮತ್ತು ಮಾಣಿ ಇಬ್ಬರೇ ಊರಿಗೆ ಹೋಗುವುದು, ಆಗಸ್ಟ್ ಮೊದಲ ವಾರ ಇವರು ಬರುವುದು, ಆಗಸ್ಟ್ 21ಕ್ಕೆ ಮೂವರೂ ಒಟ್ಟಿಗೆ ವಾಪಸ್ಸು ಅಂತ ಮಾತಾಗಿತ್ತು. ಮಾಣಿಗೆ ಆಗಸ್ಟ್ 9ಕ್ಕೆ 2 ವರ್ಷ. ತಲೆನೋವು ಶುರುವಾದದ್ದೇ ಅಲ್ಲಿ.

2 ವರ್ಷ ತುಂಬದ ಮಗು ದೊಡ್ಡವರ ಮಡಿಲಲ್ಲಿ ಹೋಗಬಹುದು, ತುಂಬಿದ ಮೇಲೆ ಅದಕ್ಕೆ ಅದರದ್ದೇ ಸೀಟು ಬೇಕು. ಇದು ಎಲ್ಲರಿಗೂ ಗೊತ್ತು. ಜಾಸ್ತಿ ಜನಕ್ಕೆ ತಲೆಗೆ ಹೋಗದ್ದು ಏನೆಂದರೆ, ಈ 2 ವರ್ಷದ ಲೆಕ್ಕ ಟಿಕೆಟ್ ತೆಗೆದ ದಿನದ್ದಲ್ಲ, ಹೊರಡುವ ದಿನದ್ದೂ ಅಲ್ಲ, ಪ್ರತಿ ಸಲ ವಿಮಾನ ಹತ್ತುವ ಆ ಆ ದಿನದ್ದು. ಅಂದರೆ ನಮ್ಮ ಮಾಣಿ ಹೋಗುವಾಗ ಮಡಿಲ ಮಗು, ಬರುವಾಗ ಸೀಟಿನ ಮಗು. ನಮಗೆ ಟಿಕೆಟ್ ಮಾಡಿಕೊಡುವವನು ಇದಕ್ಕೊಂದು ಉಪಾಯ ಹೇಳಿದ. "ಅಕ್ಕ, ಎರಡೂ ಕಡೆ ಇನ್‌ಫೆಂಟ್ ಅಂತಲೇ ಹಾಕುವ, ಹನ್ನೆರಡು ದಿನದ ವ್ಯತ್ಯಾಸ ಯಾರು ನೋಡ್ತಾರೆ?" ಯಾರು ನೋಡ್ತಾರೆ ಅಂದರೆ ಎಂಥ ಮಾತು, ಮಗುವಿಗೂ ಅದರದ್ದೇ ಪಾಸ್‌ಪೋರ್ಟ್ ಇರುತ್ತದೆ, ಅದರಲ್ಲಿ ಹುಟ್ಟಿದ ದಿನ ಅಚ್ಚಾಗಿರುತ್ತದೆ. ಕೌಂಟರಿನಲ್ಲಿ ಹಿಡಿದರೆ ಅಲ್ಲೇ ಅವತ್ತಿನ ರೇಟಿಗೆ ಸೀಟು ತೆಗೆಯಬೇಕು. ಆಗಸ್ಟ್ ಕೊನೆಗೆ ಶಾಲೆ ಶುರುವಾಗುವ ಹೊತ್ತಿಗೆ ಗಲ್ಫಿಗೆ ವಾಪಸ್ ಹೋಗುವ ವಿಮಾನಗಳಲ್ಲಿ ದುಡ್ಡು ಕೊಟ್ಟರೂ ಸೀಟು ಸಿಗುವುದು ಕಷ್ಟ. ಬೇಡಪ್ಪಾ ಅಂದೆ.

ಹಾಗಾಗಿ ಬರುವಾಗಿನ ಸೀಟಿನ ಬಗ್ಗೆ ಯೋಚಿಸುವುದಕ್ಕೆ ಏನೂ ಇರಲಿಲ್ಲ, ತೆಗೆದೆವು. ದೊಡ್ಡವರ ರೇಟೇ, ಮಗು ಅಂತ ಒಂದು ದಿರ್ಹಮ್ ಕಡಿಮೆ ಇಲ್ಲ. ಪ್ರಶ್ನೆ ಇದ್ದದ್ದು ಹೋಗುವಾಗಿನದ್ದು. ನಾನು ಒಬ್ಬಳೇ, ರಾತ್ರಿ ವಿಮಾನ, 1 ವರ್ಷ 11 ತಿಂಗಳ, ಹನ್ನೆರಡೂವರೆ ಕಿಲೋದ ಮಾಣಿ. ಮಡಿಲ ಮಗುವಿಗೆ ಕೇಳಿದ್ದು 160 ದಿರ್ಹಮ್ ಚಿಲ್ಲರೆ, ಸೀಟಿಗೆ 1,050. ವ್ಯತ್ಯಾಸ ನಮ್ಮ ರೂಪಾಯಿಯಲ್ಲಿ ಹೆಚ್ಚುಕಮ್ಮಿ 20 ಸಾವಿರ.

20 ಸಾವಿರ ಅಂದ ಕೂಡಲೇ ಮನೆಯಲ್ಲಿ ಎಲ್ಲರೂ ವಕೀಲರಾದರು. ಇವರ ಭಾವ, ಅವರೂ ಅಬುಧಾಬಿಯಲ್ಲಿ 15 ವರ್ಷದಿಂದ ಇರುವವರು, ಬೇರೆಯೇ ಕಡೆಯಿಂದ ಬಂದರು. "ಸೀಟು ತೆಗೆ ಮಾರಾಯಾ, ಮಗುವಿಗೆ ಅಲ್ಲ, 30 ಕಿಲೋಗೆ ತೆಗೆ." ಗಲ್ಫಿನಲ್ಲಿ ಇದ್ದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಟಿಕೆಟ್‌ನಲ್ಲಿ ಸೀಟು ಇದ್ದ ಮಗುವಿಗೆ ದೊಡ್ಡವರಷ್ಟೇ 30 ಕಿಲೋ ಲಗೇಜು, ಮಡಿಲ ಮಗುವಿಗೆ 10 ಕಿಲೋ. ಹೆಚ್ಚಿನ 20 ಕಿಲೋದಲ್ಲಿ ಖರ್ಜೂರ, ಬಾದಾಮಿ, ಹಾಲಿನ ಪುಡಿ, ನಾದಿನಿಯ ಮಕ್ಕಳ ಶೂ, ಮಾವನ ಮೊಣಕಾಲಿನ ಮುಲಾಮು, ಎಲ್ಲ ಬಂತಲ್ಲ. ನಿಜ ಹೇಳಬೇಕೆಂದರೆ ಅರ್ಧ ದಿನ ನಾನೂ ಅದೇ ಲೆಕ್ಕದಲ್ಲಿ ಇದ್ದೆ. ಆಮೇಲೆ ಯೋಚಿಸಿದೆ. ಒಬ್ಬಳೇ ಹೋಗುವವಳು, ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಲ್ಲಿ ಬೆಲ್ಟಿನಿಂದ 60 ಕಿಲೋ ಎಳೆದು ಟ್ರಾಲಿಗೆ ಹಾಕುವಾಗ ಮಾಣಿಯನ್ನು ಯಾರ ಕೈಯಲ್ಲಿ ಕೊಡುವುದು? ಭಾವನ ಕೈಯಲ್ಲಾ?

ಲೆಕ್ಕ ಬದಲಾದದ್ದು ವಿಮಾನ ಕಂಪನಿಗೆ ಫೋನ್ ಮಾಡಿ ಮಾತಾಡಿದ ಮೇಲೆ. 2 ವರ್ಷದ ಒಳಗಿನ ಮಗುವಿಗೂ ಸೀಟು ತೆಗೆಯಬಹುದು, ಆದರೆ ಆ ಸೀಟಿನಲ್ಲಿ ಟೇಕಾಫ್, ಲ್ಯಾಂಡಿಂಗ್ ಹೊತ್ತಿಗೂ ಮಗುವನ್ನು ಕೂರಿಸಬೇಕಾದರೆ ವಿಮಾನಕ್ಕೆ ಒಪ್ಪಿಗೆ ಇರುವ ಕಾರ್ ಸೀಟು ನಾವೇ ತರಬೇಕು. ಇಲ್ಲದಿದ್ದರೆ ಆ ಹೊತ್ತಿಗೆ ಮಗು ಮಡಿಲಿಗೇ ಬರಬೇಕು, ಖಾಲಿ ಸೀಟು ಪಕ್ಕದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಇದನ್ನು ಟಿಕೆಟ್ ಮಾಡುವವನೂ ಹೇಳಿರಲಿಲ್ಲ, ವೆಬ್‌ಸೈಟೂ ಹೇಳುವುದಿಲ್ಲ. ವೆಬ್‌ಸೈಟಿನಲ್ಲಿ ಹುಟ್ಟಿದ ದಿನ ಹಾಕಿದರೆ "ಇದು ಇನ್‌ಫೆಂಟ್" ಅಂತ ತಾನೇ ಹೇಳಿ ಸೀಟಿನ ಜಾಗಕ್ಕೆ ಹೋಗಲಿಕ್ಕೇ ಬಿಡಲಿಲ್ಲ. ಫೋನ್ ಮಾಡಿ, 25 ನಿಮಿಷ ಅವರು ಹಾಕಿದ ಹಾಡು ಕೇಳಿ, ಆಮೇಲೆ ತಿಳಿದದ್ದು.

ಕಾರ್ ಸೀಟು ನಮ್ಮಲ್ಲಿ ಇತ್ತು. ಯುಎಇಯಲ್ಲಿ 4 ವರ್ಷದವರೆಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ, ಇಲ್ಲದಿದ್ದರೆ 400 ದಿರ್ಹಮ್ ದಂಡ, ಹಾಗಾಗಿ ಹೆರಿಗೆ ಆಗಿ ಮನೆಗೆ ಬಂದ ದಿನದಿಂದ ಅದು ನಮ್ಮ ಬಂಧು. ಅದನ್ನು ಮಗುಚಿ ಹಾಕಿ, ಬಿಸ್ಕತ್ತಿನ ಪುಡಿ ಕೊಡವಿ, ಅಡಿಯ ಲೇಬಲ್ ಓದಿದೆವು. ವಿಮಾನದಲ್ಲಿ ಬಳಸಬಹುದಾದ ಕಾರ್ ಸೀಟಿನ ಮೇಲೆ ಹಾಗಂತ ಬರೆದೇ ಇರುತ್ತದೆ. ಅಮೆರಿಕದ್ದಾದರೆ ಕಾರಿಗೂ ವಿಮಾನಕ್ಕೂ ಆಗುತ್ತದೆ ಅಂತ ಕೆಂಪು ಅಕ್ಷರದಲ್ಲಿ ಇರುತ್ತದೆ. ನಮ್ಮದರಲ್ಲಿ ಅಂಥದ್ದು ಏನೂ ಇಲ್ಲ. ಮೇಲಾಗಿ ಅದು ಐಸೋಫಿಕ್ಸ್ ಕೊಂಡಿಯಿಂದ ಕಾರಿಗೆ ಸಿಕ್ಕಿಸುವ ಸೀಟು, ವಿಮಾನದಲ್ಲಿ ಆ ಕೊಂಡಿ ಸಿಕ್ಕಿಸಲು ಜಾಗವೇ ಇಲ್ಲ, ಸೊಂಟದ ಬೆಲ್ಟ್ ಒಂದೇ. ಅಗಲ ಅಳೆದೆವು, 18 ಇಂಚಿನ ಮೇಲೆ. ವಿಮಾನದ ಸೀಟು 17 ಇಂಚಿನ ಆಸುಪಾಸು. ಅಲ್ಲಿಗೆ ಆ ದಾರಿ ಮುಗಿಯಿತು. ಕೇರ್ಸ್ ಅಂತ ಒಂದು ಪಟ್ಟಿ ಬರುತ್ತದೆ, ಸೀಟಿನ ಬೆನ್ನಿಗೆ ಸುತ್ತಿ ಎರಡು ಭುಜದ ಮೇಲಿಂದ ಕಟ್ಟುವಂಥದ್ದು, 10ರಿಂದ 20 ಕಿಲೋದ ಮಕ್ಕಳಿಗೆ, ಒಂದು ಸಣ್ಣ ಚೀಲದಲ್ಲಿ ಮಡಚಿ ಇಡಬಹುದು. ಅದು ನನಗೆ ಮನಸ್ಸಿಗೆ ಬಂದಿತ್ತು. ನಮ್ಮ ವಿಮಾನದಲ್ಲಿ ಬಿಡ್ತಾರಾ ಅಂತ ಇಮೇಲ್ ಮಾಡಿದೆ. ಉತ್ತರ ಬಂತು, ಓದಿದರೆ ಹೌದೋ ಅಲ್ಲವೋ ಗೊತ್ತಾಗಲಿಲ್ಲ. ಬಿಟ್ಟೆ.

ಈಗ ಸುರಕ್ಷತೆಯ ಮಾತು. ಇದನ್ನು ಓದಲು ಕೂತರೆ ರಾತ್ರಿ ನಿದ್ದೆ ಬರುವುದಿಲ್ಲ, ನನಗೂ ಬರಲಿಲ್ಲ. ಮಡಿಲ ಮಗುವಿಗೆ ಏರ್‌ಹೋಸ್ಟೆಸ್ ಒಂದು ಸಣ್ಣ ಬೆಲ್ಟ್ ಕೊಡುತ್ತಾರೆ. ಅದರ ಬೆನ್ನಿನಲ್ಲಿ ಒಂದು ಬಟ್ಟೆಯ ಕುಣಿಕೆ, ಆ ಕುಣಿಕೆಯ ಒಳಗೆ ನಮ್ಮ ಬೆಲ್ಟ್ ತೂರಿಸುವುದು. ಈ ಒಂದು ಬೆಲ್ಟಿನ ಬಗ್ಗೆ ಲೋಕದಲ್ಲಿ ಎರಡು ಪಕ್ಷ. ಯುರೋಪಿನಲ್ಲಿ ಅದು ಮಡಿಲ ಮಗುವಿಗೆ ಕಡ್ಡಾಯ. ಅಮೆರಿಕದಲ್ಲಿ ಟೇಕಾಫ್, ಲ್ಯಾಂಡಿಂಗ್ ಹೊತ್ತಿಗೆ ಅದನ್ನು ಹಾಕಲಿಕ್ಕೇ ಬಿಡುವುದಿಲ್ಲ, ಯಾಕೆಂದರೆ ಜೋರಾಗಿ ಅಪ್ಪಳಿಸಿದರೆ ದೊಡ್ಡವರ ಮೈ ಮುಂದಕ್ಕೆ ಮಡಚಿ ಮಗು ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ. ಯುರೋಪಿನವರು ಹೇಳುವುದು, ಬೆಲ್ಟ್ ಇಲ್ಲದಿದ್ದರೆ ಮಗು ಕೈಯಿಂದ ಹಾರಿ ಹೋಗುತ್ತದೆ ಅಂತ. ಎರಡೂ ಸರಿಯೇ ಇರಬೇಕು, ಅದೇ ಹೆದರಿಕೆ.

ಅಮೆರಿಕದ ಸೂ ಸಿಟಿಯಲ್ಲಿ 1989ರ ಜುಲೈ 19ಕ್ಕೆ ಒಂದು ವಿಮಾನ ಬಿತ್ತು. ಆಗಿನ ನಿಯಮದ ಪ್ರಕಾರ, ಮಡಿಲ ಮಕ್ಕಳನ್ನು ನೆಲದ ಮೇಲೆ ಇಡಿ ಅಂತ ತಂದೆತಾಯಿಗೆ ಹೇಳಿದ್ದರು. ಆ ಮಕ್ಕಳಲ್ಲಿ ಒಂದು ಮಗು ತೀರಿಕೊಂಡಿತು. ಹಾಗೆ ಹೇಳಿದ ಏರ್‌ಹೋಸ್ಟೆಸ್ ಜ್ಯಾನ್ ಬ್ರೌನ್ ಆಮೇಲೆ ವರ್ಷಗಟ್ಟಲೆ, ಮಕ್ಕಳಿಗೆ ಸೀಟು ಕಡ್ಡಾಯ ಮಾಡಿ ಅಂತ ಸರ್ಕಾರದ ಹಿಂದೆ ಬಿದ್ದರು. ಆದರೂ ಅಲ್ಲಿ ಇವತ್ತಿಗೂ 2 ವರ್ಷದ ಒಳಗೆ ಅದು ಸಲಹೆ ಮಾತ್ರ, ಕಡ್ಡಾಯ ಅಲ್ಲ. ಅಲ್ಲಿನ ಸರ್ಕಾರ ಕೊಡುವ ಕಾರಣ ನನಗೆ ಮೊದಲು ಸಿಟ್ಟು ತರಿಸಿತು, ಆಮೇಲೆ ಅರ್ಥ ಆಯಿತು. ಸೀಟು ಕಡ್ಡಾಯ ಮಾಡಿದರೆ ದುಡ್ಡಿನ ಲೆಕ್ಕ ನೋಡಿ ಕೆಲವರು ವಿಮಾನ ಬಿಟ್ಟು ಕಾರಿನಲ್ಲಿ ಹೋಗುತ್ತಾರೆ, ರಸ್ತೆಯಲ್ಲಿ ಸಾಯುವ ಮಕ್ಕಳು ಅದಕ್ಕಿಂತ ಜಾಸ್ತಿ ಆಗುತ್ತಾರೆ ಅಂತ. ದುಬೈಯಿಂದ ನೀರ್ಚಾಲಿಗೆ ಕಾರಿನಲ್ಲಿ ಬರುವ ಪ್ರಶ್ನೆ ಇಲ್ಲ, ಹಾಗಾಗಿ ಆ ಕಾರಣ ನಮಗೆ ಲಾಗೂ ಆಗುವುದಿಲ್ಲ.

ನಮ್ಮ ಕಡೆಯವರಿಗೆ ದೂರದ ಉದಾಹರಣೆ ಬೇಕಾಗಿಯೂ ಇಲ್ಲ. 2010ರ ಮೇ 22ಕ್ಕೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಗುಡ್ಡದ ನೆತ್ತಿಯ ರನ್‌ವೇ ದಾಟಿ ಕೆಳಗೆ ಬಿದ್ದು 158 ಜನ ಹೋದರು, ಉಳಿದದ್ದು 8 ಜನ. ಹೋದವರಲ್ಲಿ ಕಾಸರಗೋಡಿನವರು ತುಂಬ ಮಂದಿ. ಅವತ್ತು ಬೆಳಿಗ್ಗೆ ನಮ್ಮ ಊರುಗಳಲ್ಲಿ ಹೇಗಿತ್ತು ಅಂತ ನೆನಪಿರುವವರು, ಈಗಲೂ ಬಜ್ಪೆಯಲ್ಲಿ ಚಕ್ರ ನೆಲಕ್ಕೆ ತಾಗುವಾಗ ಮಾತಾಡುವುದಿಲ್ಲ. ಆದರೆ ಅಂಥ ದುರಂತದಲ್ಲಿ ಮಗು ಮಡಿಲಲ್ಲಿತ್ತಾ ಸೀಟಿನಲ್ಲಿತ್ತಾ ಅನ್ನುವುದರಿಂದ ಏನು ಬದಲಾಗುತ್ತಿತ್ತು? ಅದನ್ನು ಮುಂದಿಟ್ಟುಕೊಂಡು 20 ಸಾವಿರದ ತೀರ್ಮಾನ ಮಾಡುವುದು ಸರಿಯಲ್ಲ ಅಂತ ನನಗೆ ಅನಿಸಿತು. ಯೋಚಿಸಬೇಕಾದದ್ದು ವಿಮಾನ ಸುಮ್ನೆ ಕುಲುಕುವ, ಯಾರೂ ಪೇಪರಿನಲ್ಲಿ ಬರೆಯದ ಹೊತ್ತಿನ ಬಗ್ಗೆ. ಆ ಬುದ್ಧಿ ನನಗೆ ಆಗ ಪೂರ್ತಿ ಬಂದಿರಲಿಲ್ಲ.

ಕೊನೆಗೆ ಮಡಿಲೇ ಸಾಕು ಅಂತ ಆಯಿತು. ಕಾರ್ ಸೀಟು ಇಲ್ಲದೆ ಸೀಟು ತೆಗೆದರೆ ಏರುವಾಗ, ಇಳಿಯುವಾಗ ಹೇಗೂ ಮಡಿಲಿಗೇ ಬರಬೇಕು. ಉಳಿಯುವುದು ನಡುವಿನ ಎರಡೂವರೆ ಗಂಟೆ. ಎರಡೂವರೆ ಗಂಟೆಗೆ 20 ಸಾವಿರ ಜಾಸ್ತಿಯಾಯಿತು. ಮೇಲಾಗಿ ರಾತ್ರಿ ವಿಮಾನ, ಮಲಗುತ್ತಾನೆ. 9 ತಿಂಗಳಿದ್ದಾಗ ಇದೇ ದಾರಿಯಲ್ಲಿ ಬಂದಿದ್ದಾಗ ಹತ್ತಿದ್ದೇ ಮಲಗಿದವನು ಬಜ್ಪೆಯಲ್ಲೇ ಎದ್ದದ್ದು. ಆ ಸಲದ್ದು ತಲೆಯಲ್ಲಿ ಕೂತು ನನಗೆ ಮೋಸ ಮಾಡಿತು.

ಕೌಂಟರಿನಲ್ಲೇ ಒಂದು ಪಾಠ ಆಯಿತು. ಉಪ್ಪಳದ ಒಬ್ಬರು, ಅವರೂ ಸಣ್ಣ ಮಗುವಿನೊಟ್ಟಿಗೆ ಒಬ್ಬರೇ, ಸಾಲಿನಲ್ಲಿ ನಿಂತಲ್ಲೇ ಪರಿಚಯ ಆದರು. ಇಬ್ಬರೂ ಅಕ್ಕಪಕ್ಕ ಕೂತರೆ ಒಬ್ಬರ ಮಗುವನ್ನು ಒಬ್ಬರು ನೋಡಿಕೊಳ್ಳಬಹುದಲ್ಲ ಅಂತ ಕೇಳಿದೆವು. ಕೌಂಟರಿನ ಹುಡುಗಿ ಆಗುವುದಿಲ್ಲ ಅಂದಳು. ಮೂರು ಸೀಟಿನ ಸಾಲಿಗೆ ಮೇಲಿನಿಂದ ಬೀಳುವ ಆಮ್ಲಜನಕದ ಮಾಸ್ಕ್ ಇರುವುದು ನಾಲ್ಕೇ. ಮೂರು ದೊಡ್ಡವರು, ಒಂದು ಮಗು, ಲೆಕ್ಕ ಮುಗಿಯಿತು. ಎರಡು ಮಡಿಲ ಮಕ್ಕಳು ಒಂದೇ ಸಾಲಿನಲ್ಲಿ ಕೂರುವ ಹಾಗಿಲ್ಲ. ಗೊತ್ತಿದ್ದರೆ ಮೊದಲೇ ಹಿಂದಿನ ಮುಂದಿನ ಸಾಲು ಕೇಳಿ ತೆಗೆದುಕೊಳ್ಳಬಹುದಿತ್ತು. ಅವರು 9ನೇ ಸಾಲಿಗೆ ಹೋದರು, ನಾನು 22ಕ್ಕೆ. ತೊಟ್ಟಿಲು ಸಿಕ್ಕುತ್ತದಾ ಅಂತ ಕೇಳುವವರಿಗೆ: ಅದು ದೊಡ್ಡ ವಿಮಾನಗಳಲ್ಲಿ, ಮುಂದಿನ ಗೋಡೆಗೆ ಸಿಕ್ಕಿಸುವಂಥದ್ದು. ಮಂಗಳೂರಿಗೆ ಬರುವುದು ನಡುವೆ ಒಂದೇ ಓಣಿ ಇರುವ ಸಣ್ಣ ವಿಮಾನ. ಇದ್ದರೂ 2 ವರ್ಷದ ಹತ್ತಿರದ ಮಗು ಅದರಲ್ಲಿ ಹಿಡಿಸುವುದಿಲ್ಲ.

ನಾನು ಕಿಟಕಿ ಪಕ್ಕ ತೆಗೆದಿದ್ದೆ, ಮಾಣಿ ಹೊರಗೆ ನೋಡ್ತಾನೆ ಅಂತ. ರಾತ್ರಿ ಹನ್ನೊಂದೂವರೆಗೆ ಹೊರಗೆ ಎಂತ ಉಂಟು ನೋಡಲಿಕ್ಕೆ! ಓಣಿಯ ಕಡೆ ತೆಗೆದಿದ್ದರೆ ಎತ್ತಿಕೊಂಡು ನಡೆದಾಡಬಹುದಿತ್ತು. ಈಗ ಪ್ರತಿ ಸಲ ಇಬ್ಬರು ನಿದ್ದೆಗಣ್ಣಿನ ಗಂಡಸರನ್ನು ಎಬ್ಬಿಸಬೇಕು.

ಆ ಸಣ್ಣ ಬೆಲ್ಟ್ ಹಾಕಿದ್ದೇ ಮಾಣಿ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿದ. ಮಕ್ಕಳು ಹಾಗೆ ಬಾಗಿದರೆ ಹಿಡಿಯುವುದು ಯಾರಿಂದಲೂ ಆಗುವುದಿಲ್ಲ, ಸಾಕಿದವರಿಗೆ ಗೊತ್ತು. ಹನ್ನೆರಡೂವರೆ ಕಿಲೋ ಅಂದರೆ ಒಂದು ದೊಡ್ಡ ಹಲಸಿನ ಹಣ್ಣಿನ ಭಾರ, ಆದರೆ ಹಲಸು ಒದೆಯುವುದಿಲ್ಲ. ವಿಮಾನ ಏರಿ ಬೆಲ್ಟಿನ ದೀಪ ಆರಿದ ಮೇಲೆ ಬಿಚ್ಚಿದೆ. ಊಟ ಬಂತು, ಮುಂದಿನ ಟ್ರೇ ಬಿಡಿಸಿದರೆ ಅದು ಮಾಣಿಯ ಹೊಟ್ಟೆಗೆ ತಾಗುತ್ತದೆ, ಪೂರ್ತಿ ಕೆಳಗೆ ಬರುವುದೇ ಇಲ್ಲ. ಪಕ್ಕದವರು ಪಾಪ, ತಮ್ಮ ಟ್ರೇಯಲ್ಲೇ ನನ್ನ ಪೊಟ್ಟಣಕ್ಕೂ ಜಾಗ ಮಾಡಿಕೊಟ್ಟರು. ಬಿಸಿ ಚಹಾ ಬೇಡ ಅಂದೆ. ಒಂದು ಗಂಟೆ ಹಾಡು, ಒಂದು ಗಂಟೆ ಅಳು, ಆಮೇಲೆ ನನ್ನ ಎಡಗೈಯ ಮೇಲೆ ತಲೆಯಿಟ್ಟು ಮಲಗಿದ. ಕೈ ಜೋಮು ಹಿಡಿದು ಮರದ ಕೊರಡಿನ ಹಾಗಾಯಿತು, ಅಲುಗಾಡಿಸಲಿಲ್ಲ.

ಅಷ್ಟರಲ್ಲಿ ಇಳಿಯುವ ಹೊತ್ತು. ಆಟಿ ತಿಂಗಳ ಮಳೆ, ಕರಾವಳಿಯ ಮೇಲೆ ಮೋಡ ಗೋಡೆಯ ಹಾಗೆ ನಿಂತಿರುತ್ತದೆ. ಬೆಲ್ಟಿನ ದೀಪ ಹತ್ತಿತು. ಈಗಷ್ಟೇ ಮಲಗಿದವನನ್ನು ಎತ್ತಿ ಕೂರಿಸಿ, ಆ ಕುಣಿಕೆಗೆ ಬೆಲ್ಟ್ ತೂರಿಸಿ ಕಟ್ಟಬೇಕು. ನಾನು ಮಾಡಿದ ತಪ್ಪು ಹೇಳಿಯೇ ಬಿಡುತ್ತೇನೆ: ಇನ್ನೊಂದು ಐದು ನಿಮಿಷ ಮಲಗಲಿ ಅಂತ ಬಿಟ್ಟೆ. ಏರ್‌ಹೋಸ್ಟೆಸ್ ಇನ್ನೂ ನಮ್ಮ ಸಾಲಿಗೆ ಬಂದಿರಲಿಲ್ಲ. ಒಂದೇ ಸಲ ವಿಮಾನ ಕೆಳಗೆ ಬಿದ್ದ ಹಾಗಾಯಿತು, ಮತ್ತೆ ಮೇಲೆ, ಮತ್ತೆ ಕೆಳಗೆ. ದೊಡ್ಡ ಕುಲುಕಾಟ ಏನಲ್ಲ, ಮಳೆಗಾಲದಲ್ಲಿ ಬರುವವರಿಗೆ ಮಾಮೂಲು. ಆದರೆ ಆ ಎರಡನೇ ಸಲಕ್ಕೆ ಮಾಣಿಯ ಮೈ ನನ್ನ ಮಡಿಲಿನಿಂದ ಎದ್ದದ್ದು ನನಗೆ ಗೊತ್ತಾಯಿತು. ಭಾರ ಹೋಯಿತು. ಹನ್ನೆರಡೂವರೆ ಕಿಲೋ ಇದ್ದ ಜಾಗದಲ್ಲಿ ಒಂದು ಕ್ಷಣ ಏನೂ ಇರಲಿಲ್ಲ. ಜೋಮು ಹಿಡಿದ ಎಡಗೈ ಹೇಳಿದ ಮಾತು ಕೇಳಲಿಲ್ಲ, ಬಲಗೈಯಲ್ಲಿ ಅಂಗಿ ಹಿಡಿದೆ. ಕೆಳಗೆ ಬಂದವನ ತಲೆ ನನ್ನ ಗಲ್ಲಕ್ಕೆ ಬಡಿದು ನನ್ನ ತುಟಿ ಒಡೆಯಿತು. ಅವನಿಗೆ ಏನೂ ಆಗಲಿಲ್ಲ, ಎದ್ದು ಅತ್ತ, ಅಷ್ಟೇ. ಪಕ್ಕದ ಅಣ್ಣ ಟಿಶ್ಯೂ ಕೊಟ್ಟರು. ಬಜ್ಪೆಯಲ್ಲಿ ಮಾವ ನನ್ನ ತುಟಿ ನೋಡಿ "ಎಂತ ಆಯ್ತು?" ಅಂದರು, "ಮಾಣಿ ತಲೆ ತಾಗಿತು ಮಾವ" ಅಂದೆ. ಸುಳ್ಳೇನೂ ಅಲ್ಲವಲ್ಲ.

ಕೈ ಹಿಡಿದುಕೊಳ್ಳುತ್ತದೆ ಅನ್ನುವುದು ನಾವು ಹೇಳಿಕೊಳ್ಳುವ ಮಾತು. ಮೇಲೆ ಓದಿದ್ದೆಲ್ಲ ಕಾಗದದಲ್ಲಿ ಇತ್ತು, ಆ ಒಂದು ಕ್ಷಣ ಮಡಿಲು ಹಗುರ ಆದದ್ದು ಮೈಯಲ್ಲೇ ಉಳಿಯಿತು.

ಊರಿನಲ್ಲಿ ಇದ್ದ ಒಂದು ತಿಂಗಳು ನಾನು ಮಾಡಿದ ಮುಖ್ಯ ಕೆಲಸ ಮಾಣಿಗೆ ಕೂರಲು ಕಲಿಸಿದ್ದು. ಇದನ್ನು ಯಾರೂ ಹೇಳುವುದಿಲ್ಲ, ಸೀಟು ತೆಗೆಯಬೇಕಾ ಬೇಡವಾ ಅಂತಲೇ ಮಾತಾಡುತ್ತಾರೆ. ಸೀಟು ತೆಗೆದ ಕೂಡಲೇ ಮಗು ಅದರಲ್ಲಿ ಕೂರುತ್ತದೆ ಅಂತ ಯಾರು ಹೇಳಿದ್ದು? ನಮ್ಮ ನಾದಿನಿ ಹಿಂದಿನ ವರ್ಷ ಎರಡೂವರೆ ವರ್ಷದ ಮಗಳಿಗೆ ಪೂರ್ತಿ ದುಡ್ಡು ಕೊಟ್ಟು ಸೀಟು ತೆಗೆದು, ಆ ಹುಡುಗಿ ಇಡೀ ದಾರಿ ಅಮ್ಮನ ಸೊಂಟ ಬಿಡದೆ, ಸೀಟಿನಲ್ಲಿ ಡೈಪರ್ ಚೀಲ ಒಂದು ಆರಾಮಾಗಿ ಬೆಲ್ಟ್ ಹಾಕಿಕೊಂಡು ಬಂತು. ಟೇಕಾಫ್ ಹೊತ್ತಿಗೆ ಮಗು ಸೀಟಿನಲ್ಲಿ ಕೂರಲೇಬೇಕು ಅಂತ ಏರ್‌ಹೋಸ್ಟೆಸ್, ಕೂರುವುದಿಲ್ಲ ಅಂತ ಮಗು, ಇಡೀ ವಿಮಾನ ಇವರನ್ನೇ ನೋಡುತ್ತಿತ್ತಂತೆ.

ನಮ್ಮ ಮಾಣಿಗೆ ಕಾರ್ ಸೀಟು ಅಭ್ಯಾಸ ಇತ್ತು, ಆದರೆ ಅದು ಎಲ್ಲ ಕಡೆಯಿಂದ ಅಪ್ಪಿ ಹಿಡಿಯುವ ಸೀಟು. ವಿಮಾನದ್ದು ಬರೀ ಸೊಂಟಕ್ಕೆ ಒಂದು ಪಟ್ಟಿ. ಅತ್ತೆಯ ಊಟದ ಮೇಜಿನ ಕುರ್ಚಿಗೆ ನನ್ನ ಚೂಡಿದಾರದ ಶಾಲು ಕಟ್ಟಿ, ಕಟ್ಟುವಾಗ ಬಾಯಲ್ಲಿ "ಟಕ್" ಅಂತ ಶಬ್ದ ಮಾಡುವುದು, ಕಟ್ಟಿಕೊಂಡು ಕೂತರೆ ಮಾತ್ರ ಹಲಸಿನ ಹಪ್ಪಳ. ಮೊದಲ ದಿನ ಒಂದು ಹಪ್ಪಳದಷ್ಟು ಹೊತ್ತು ಕೂತ. ವಾರ ಕಳೆಯುವಾಗ ಮೂರು ಹಪ್ಪಳ. ಅತ್ತೆ ಅಡುಗೆಮನೆಯ ಬಾಗಿಲಿನಿಂದ ನೋಡಿ "ಮಗುವನ್ನು ಕಟ್ಟಿ ಹಾಕ್ತಾಳೆ ಇವಳು" ಅಂತ ನಕ್ಕರು, ಆಮೇಲೆ ಅವರೇ ದಿನಾ ಹಪ್ಪಳ ಕಾಯಿಸಿ ಇಟ್ಟರು.

ಅದರ ಪರಿಣಾಮ ಬೇರೆಲ್ಲೋ ಕಾಣಿಸಿತು. ಶಾರ್ಜಾದಲ್ಲಿ ಬೆಲ್ಟ್ ಇಲ್ಲದೆ ಗಲ್ಲಿ ದಾಟದ ಈ ಹುಡುಗ, ಬಜ್ಪೆಯಿಂದ ತಲಪಾಡಿ, ಕುಂಬಳೆ, ಸೀತಾಂಗೋಳಿ ಅಂತ ನೀರ್ಚಾಲಿನವರೆಗೆ ನನ್ನ ಮಡಿಲಲ್ಲೇ ನಿಂತುಕೊಂಡು ಬಂದಿದ್ದ. ವಿಮಾನದ ಸುರಕ್ಷತೆ ಅಂತ ವಾರಗಟ್ಟಲೆ ಓದಿದವಳು ಅವತ್ತು ಕಾರಿನಲ್ಲಿ ಆ ಬಗ್ಗೆ ಯೋಚಿಸಲೂ ಇಲ್ಲ. ಒಂದು ದಿನ ಬದಿಯಡ್ಕಕ್ಕೆ ಹೋಗಲು ಕಾರು ಹತ್ತಿದರೆ ಮಾಣಿ "ಟಕ್ ಬೇಕು" ಅಂತ ಹಟ ಹಿಡಿದ. ಹಿಂದಿನ ಸೀಟಿನಲ್ಲಿ ಬೆಲ್ಟ್ ಇದೆ, ಅದನ್ನು ಸಿಕ್ಕಿಸುವ ಬಕಲ್ ಮಾತ್ರ ಕಾಣುವುದಿಲ್ಲ. ಮಾವ ಅಂಗಳದಲ್ಲಿ ಮಳೆ ಹನಿಯುವಾಗ ಬಗ್ಗಿ, ಸೀಟ್ ಕವರಿನ ಅಂಚು ಬಿಚ್ಚಿ, ಒಳಗೆ ಕೈ ಹಾಕಿ ತಡಕಾಡಿ ಅದನ್ನು ಹೊರಗೆ ತೆಗೆದರು. ಕಾರು ತೆಗೆದು ಆರು ವರ್ಷದಲ್ಲಿ ಮೊದಲ ಸಲ. ಜೊತೆಗೆ ಎರಡು ಅಡಿಕೆ, ಒಂದು ಐದು ರೂಪಾಯಿಯ ನಾಣ್ಯ.

ಆಗಸ್ಟ್ 21, ಬೆಳಗಿನ ವಿಮಾನ. ಕಿಟಕಿ ಪಕ್ಕ ಮಾಣಿ, ನಡುವೆ ನಾನು, ಓಣಿಯ ಕಡೆ ಇವರು. ಬೆಲ್ಟ್ ಎಳೆದು ಎಷ್ಟು ಸಣ್ಣ ಮಾಡಲು ಆಗುತ್ತದೋ ಅಷ್ಟು ಮಾಡಿ, ಹೊಟ್ಟೆಯ ಮೇಲೆ ಅಲ್ಲ, ತೊಡೆಯ ಬುಡಕ್ಕೆ ಸರಿಯಾಗಿ ಕೂರಿಸಿದೆ. "ಟಕ್" ಅಂದ. ಖುಷಿಯೋ ಖುಷಿ. ಆ ಖುಷಿಯಲ್ಲಿ ಎರಡೇ ನಿಮಿಷದಲ್ಲಿ ಅವನು ಕಂಡುಹಿಡಿದದ್ದು, ಬಕಲಿನ ಮುಚ್ಚಳ ಎತ್ತಿದರೆ ಅದು ಬಿಚ್ಚುತ್ತದೆ ಅಂತ. ಕಾರ್ ಸೀಟಿನ ಕೆಂಪು ಗುಂಡಿ ಅವನ ಬೆರಳಿಗೆ ಬಗ್ಗುವುದಿಲ್ಲ, ಇದು ಬೆಣ್ಣೆಯ ಹಾಗೆ. ಬಿಚ್ಚುವುದು, ಹಾಕುವುದು, ಬಿಚ್ಚುವುದು. ವಿಮಾನ ಹೊರಟಿದೆ. ಇವರು ಮೇಲಿನ ಬೆಲ್ಟಿನ ದೀಪ ತೋರಿಸಿ ಹೇಳಿದರು, "ಅದು ನೋಡು, ಪೈಲಟ್ ಮಾಮ ಲೈಟ್ ಆಫ್ ಮಾಡಿದ ಮೇಲೆ ನೀನು ತೆಗೆಯಬೇಕು, ಅಲ್ಲಿವರೆಗೆ ಕಾಯುವುದು ನಿನ್ನ ಕೆಲಸ." ಮಾಣಿ ಎರಡೂ ಕೈ ಬಕಲಿನ ಮೇಲಿಟ್ಟು, ಕತ್ತೆತ್ತಿ, ಆ ಸಣ್ಣ ದೀಪವನ್ನೇ ನೋಡುತ್ತಾ ಕೂತ. ವಿಮಾನ ಏರಿತು, ಕಿಟಕಿಯಲ್ಲಿ ನೇತ್ರಾವತಿ ಕಂಡಿತು, ಅವನು ನೋಡಲಿಲ್ಲ. ಟಿಂಗ್ ಅಂತು, ದೀಪ ಆರಿತು. ಟಕ್. ಕೆಲಸ ಮುಗಿಸಿದವನ ಹಾಗೆ ನಮ್ಮಿಬ್ಬರ ಮುಖ ನೋಡಿದ.

ಸೀಟಿನ ತೊಂದರೆ ಇಲ್ಲ ಅಂತಲ್ಲ. ಆ ವಯಸ್ಸಿನ ಮಕ್ಕಳ ಕಾಲು ಸೀಟಿನ ಅಂಚಿಗೆ ಮಡಚುವಷ್ಟು ಉದ್ದ ಇರುವುದಿಲ್ಲ, ನೇರ ಮುಂದಕ್ಕೆ ಚಾಚಿರುತ್ತದೆ, ಪಾದ ಸರಿಯಾಗಿ ಮುಂದಿನವರ ಬೆನ್ನಿಗೆ. ಬೇಕಂತ ಒದೆಯುವುದಲ್ಲ, ಜಾಗ ಇರುವುದೇ ಅಲ್ಲಿ. ಹತ್ತಿದ ಕೂಡಲೇ ಶೂ ಬಿಚ್ಚಿಸಿದೆ, ಮುಂದಿನವರಿಗೆ ಮೊದಲೇ "ಸ್ವಲ್ಪ ಸುಧಾರಿಸಿಕೊಳ್ಳಿ" ಅಂತ ಹೇಳಿದೆ. ಅವರು ಕಾಞಂಗಾಡಿನವರು, ಮೂರು ಮಕ್ಕಳ ತಂದೆ, ನಕ್ಕರು. ಟ್ರೇ ಮಾಣಿಯ ಗಲ್ಲದ ಮಟ್ಟಕ್ಕೆ ಬರುತ್ತದೆ, ಊಟ ನನ್ನ ಟ್ರೇಯಿಂದಲೇ. ಆದರೆ ಊಟ ಆಯಿತು, ಮೂವರದ್ದೂ, ಚಹಾ ಸಮೇತ. ನಡುವಿನ ಕೈಯಾಸರೆ ಮೇಲೆ ಮಾಡಿ, ತಲೆ ನನ್ನ ತೊಡೆಯ ಮೇಲೆ, ಕಾಲು ಕಿಟಕಿಯ ಕಡೆ ಇಟ್ಟು, ಅವನ ಬೆಲ್ಟನ್ನೇ ಸಡಿಲ ಮಾಡಿ ಸೊಂಟದ ಮೇಲೆ ಹಾಕಿ ಒಂದೂವರೆ ಗಂಟೆ ಮಲಗಿದ. ಇಳಿಯುವ ಮೊದಲು ಎಬ್ಬಿಸಿದೆ, ಈ ಸಲ ದೀಪ ಹತ್ತುವುದಕ್ಕೂ ಮೊದಲೇ. ಕಿವಿ ಕಟ್ಟದ ಹಾಗೆ ಬಾಟಲಿಯಿಂದ ಗುಟುಕು ಗುಟುಕು ನೀರು. ಮರುಭೂಮಿಯ ಮೇಲೆ ಬಿಸಿಗಾಳಿಗೆ ವಿಮಾನ ಅಲುಗಾಡಿತು. ನನ್ನ ಕೈ ತನ್ನಷ್ಟಕ್ಕೆ ಅವನ ಎದೆಗೆ ಅಡ್ಡ ಹೋಯಿತು, ಅವನು ಅದನ್ನು ದೂಡಿದ. ಬೆಲ್ಟಿನೊಳಗೆ ಗಟ್ಟಿಯಾಗಿ ಕೂತಿದ್ದ.

ಹೋಗುವಾಗ ಸೀಟು ತೆಗೆಯದೆ ತಪ್ಪು ಮಾಡಿದೆನಾ? ಕೇಳಿದರೆ ಇವತ್ತಿಗೂ ಪೂರ್ತಿ ಹೌದು ಅನ್ನಲಾರೆ. ಕಾರ್ ಸೀಟು ಇಲ್ಲದೆ ಸೀಟು ತೆಗೆದಿದ್ದರೂ ಆ ಮೋಡದ ಹೊತ್ತಿಗೆ ಅವನು ಮಡಿಲಲ್ಲೇ ಇರುತ್ತಿದ್ದ. ತಪ್ಪು ಇದ್ದದ್ದು ಆ ಐದು ನಿಮಿಷದಲ್ಲಿ. ಆದರೆ ಒಬ್ಬಳೇ ಇದ್ದದ್ದರಿಂದ, ಕೈ ಸೋತದ್ದರಿಂದ ಆ ಐದು ನಿಮಿಷ ಬಂತು. ಒಬ್ಬರೇ ಹೋಗುವವರಿಗೆ, ಒಂದೂವರೆ ವರ್ಷ ದಾಟಿದ ಮಗುವಿಗೆ, ಹೊಂದುವ ಕಾರ್ ಸೀಟೂ ಇದ್ದರೆ, ಸೀಟು ತೆಗೆಯಿರಿ ಅಂತಲೇ ಹೇಳುತ್ತೇನೆ. ಪಕ್ಕದ ಸೀಟು ಖಾಲಿ ಸಿಗಬಹುದು ಅಂತ ಕಾಯುವವರೂ ಇದ್ದಾರೆ. ಗಂಡ ಓಣಿಗೆ, ಹೆಂಡತಿ ಕಿಟಕಿಗೆ ತೆಗೆದು ನಡುವಿನದ್ದು ಯಾರೂ ತೆಗೆಯದಿರಲಿ ಅಂತ ಹರಕೆ ಹೊರುವುದು. ಫೆಬ್ರವರಿಯಲ್ಲಿ ಸಿಕ್ಕೀತು. ಶಾಲೆಯ ರಜೆಯಲ್ಲಿ ಗಲ್ಫಿನ ವಿಮಾನದಲ್ಲಿ ಅಂಥ ಸೀಟು ನಾನು ನೋಡಿಲ್ಲ.

ಮೊನ್ನೆ ತಂಗಿ ಕೇಳಿದಳು. ಅವಳು ಬೆಂಗಳೂರಿನಿಂದ ಮಂಗಳೂರಿಗೆ ಬರುವವಳು, ಮಗಳಿಗೆ 14 ತಿಂಗಳು, ಗಂಡ ಜೊತೆಗೆ ಇದ್ದಾನೆ. ಒಂದು ಗಂಟೆಯ ದಾರಿ, ಮಡಿಲು ಸಾಕು ಅಂದೆ. ಓಣಿಯ ಸೀಟು ತೆಗೆ, ಬೆಲ್ಟಿನ ದೀಪ ಹತ್ತಿದ ಕೂಡಲೇ ಕಟ್ಟು, ಮಲಗಿದ್ದರೂ ಎಬ್ಬಿಸು ಅಂದೆ. "ಅಳ್ತಾಳೆ ಅಕ್ಕ" ಅಂದಳು. ಅಳಲಿ ಅಂದೆ.

ಡಿಸೆಂಬರಿಗೆ ನಾವು ಮತ್ತೆ ಹೋಗುತ್ತಿದ್ದೇವೆ. ಮೂರು ಸೀಟು, 90 ಕಿಲೋ. ಅತ್ತೆ ಈ ಸಲ ಎಂತಕ್ಕೆ ಸೀಟು ಅಂತ ಕೇಳಲಿಲ್ಲ, ಪಟ್ಟಿ ಕಳಿಸಿದ್ದಾರೆ.